ನಕ್ಷತ್ರದ ಮಾತು ಕನ್ನಡಕ್ಕೆ ಬಂದದ್ದು ಹೇಗೆ?

ವಿಜ್ಞಾನದ ಉಪನ್ಯಾಸ ಅಂದರೆ ಇಂಗ್ಲಿಷು, ಅದು ಕಾಲೇಜಿನವರಿಗಷ್ಟೇ. ನಮ್ಮ ಸವದತ್ತಿ ಕಡೆ ಈ ಭಾವನೆ ಇನ್ನೂ ಹೋಗಿಲ್ಲ. ಆದರೆ ಇದನ್ನು ಒಪ್ಪದ ಕನ್ನಡಿಗರು ನೂರು ವರ್ಷದ ಹಿಂದೆಯೇ ಇದ್ದರು.

ಬೆಂಗಳೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಅದು ನಡೆದದ್ದು ಎರಡೇ ವರ್ಷ. ಆಗ ನಮ್ಮ ಆಕಾಶಗಂಗೆಯ ಆಚೆ ಬೇರೆ ಗೆಲಾಕ್ಸಿಗಳಿವೆಯೇ ಎಂಬುದೇ ಜಗತ್ತಿಗೆ ಖಚಿತವಿರಲಿಲ್ಲ. ಇವೆ ಎಂದು ಅಮೆರಿಕದ ಎಡ್ವಿನ್ ಹಬಲ್ ತೋರಿಸಿದ್ದು 1924ರ ಹೊತ್ತಿಗೆ.

ಮುಂದೆ ಮೈಸೂರು ವಿಶ್ವವಿದ್ಯಾಲಯ ‘ಪ್ರಚಾರೋಪನ್ಯಾಸ’ ನಡೆಸಿತು. ಪ್ರಾಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡುವುದು, ಆ ಮಾತನ್ನೇ ಸಣ್ಣ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಕೊಡುವುದು ಅದರ ರೀತಿ. ಭೌತಶಾಸ್ತ್ರದ ಆರ್.ಎಲ್. ನರಸಿಂಹಯ್ಯನವರು ‘ನಕ್ಷತ್ರ ದರ್ಶನ’, ‘ಜಗತ್ತುಗಳ ಹುಟ್ಟು ಸಾವು’ ಬರೆದರು.

ನಮ್ಮ ತಾಲ್ಲೂಕು 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಕರ್ನಾಟಕ ವಿಶ್ವವಿದ್ಯಾಲಯವೂ 1949ರಲ್ಲಿ ಮುಂಬೈಯಲ್ಲೇ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ.

ವಿಶ್ವವಿದ್ಯಾಲಯ ಹತ್ತಿರ ಬಂದರೂ ವಿಜ್ಞಾನ ಹತ್ತಿರ ಬಂತೇ? 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದುಹೋಯಿತು. ಅದನ್ನು ನೋಡಲು ದೂರದೂರದ ವಿಜ್ಞಾನಿಗಳು ನಮ್ಮ ಭಾಗಕ್ಕೆ ಬಂದರು. ಇಲ್ಲಿಯವರು ಬಹಳಷ್ಟು ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು.

ಗ್ರಹಣ ತಪ್ಪಿದರೆ ಹೊಲಕ್ಕೇನೂ ನಷ್ಟವಿಲ್ಲ. ಹವಾಮಾನದ ಮಾತು ಹಾಗಲ್ಲ. 1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಆಗ ಹತ್ತು ಲಕ್ಷದಲ್ಲಿ ಸುಮಾರು 315 ಭಾಗವಿತ್ತು, ಈಗ 420 ದಾಟಿದೆ. ಈ ಅನಿಲ ಹೆಚ್ಚಿದಷ್ಟೂ ಭೂಮಿ ಬಿಸಿಯಾಗುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅದಕ್ಕೇ ಮಳೆ ಬಂದಾಗ ಒಮ್ಮೆಲೇ ಸುರಿಯುವ ಸಂಭವ ಹೆಚ್ಚು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ಮನೆಗಳಿಗೆ ನುಗ್ಗಿದ್ದು ನಮಗೆಲ್ಲ ಗೊತ್ತು. ನವಿಲುತೀರ್ಥದ ಅಣೆಕಟ್ಟು ಹಿಡಿಯುವುದು ಸುಮಾರು 37 ಟಿಎಂಸಿ ನೀರು. ಮಳೆಯ ರೀತಿ ಬದಲಾದರೆ ಯಾವಾಗ ತುಂಬಿಸಬೇಕು, ಯಾವಾಗ ಬಿಡಬೇಕು, ಹೆಸರು ಯಾವಾಗ ಬಿತ್ತಬೇಕು ಎಂಬ ಲೆಕ್ಕವೂ ಬದಲಾಗುತ್ತದೆ. ಈ ಲೆಕ್ಕ ಮೊದಲು ಬೇಕಾದದ್ದು ರೈತರಿಗೆ.

ಹಾಗಾಗಿ ನಾವು ಕೇಳುವುದು ಹೊಸದೇನಲ್ಲ. ಪ್ರಾಧ್ಯಾಪಕರು ಹಿಂದೆ ಊರುಗಳಿಗೆ ಹೋಗುತ್ತಿದ್ದರು. ಈಗ ನಮ್ಮ ಪಂಚಾಯಿತಿ ಗ್ರಂಥಾಲಯಗಳಿಗೂ ಬರಲಿ. ಹಗಲು ಮಳೆಯ ಮಾತಾಡಲಿ, ರಾತ್ರಿ ಅಂಗಳದಲ್ಲಿ ನಿಂತು ಮಕ್ಕಳಿಗೆ ಆಕಾಶಗಂಗೆ ತೋರಿಸಲಿ. ಪ್ರಶ್ನೆ ಕೇಳಲು ನಾವು ತಯಾರಿದ್ದೇವೆ.