ಗಾಜಿನ ತೊಟ್ಟಿಯ ಹವಳಕ್ಕೆ ಬೆಳಕೇ ಅನ್ನ

ಹವಳ ಎಂದೊಡನೆ ಕರಿಮಣಿ ಸರದ ಕೆಂಪು ಮಣಿ ನೆನಪಾಗುತ್ತದೆ. ಆದರೆ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಕಡಲಿನಲ್ಲಿ ಗುಂಪಾಗಿ ಬದುಕುವ ಪುಟ್ಟ ಪ್ರಾಣಿ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಅದನ್ನು ಸಾಕುವ ಹವ್ಯಾಸ ಅಮೆರಿಕ, ಯುರೋಪ್‌ಗಳಲ್ಲಿ ಬಹಳ. ಅಲ್ಲಿ ಹವಳದ ಅಳಿವು ಉಳಿವು ತೊಟ್ಟಿಯ ಮೇಲಿನ ದೀಪವನ್ನೇ ಬಹುಮಟ್ಟಿಗೆ ನಂಬಿದೆ.

ಬೆಳಕು ಏಕೆ?
ದಿಬ್ಬ ಕಟ್ಟುವ ಬಹುತೇಕ ಹವಳಗಳ ಮೈಯೊಳಗೆ ಝೂಕ್ಸಾಂತೆಲೆ ಎಂಬ ಸೂಕ್ಷ್ಮ ಪಾಚಿ ಇರುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ಬೆಳಕು ಸಾಲದಿದ್ದರೆ ಹವಳಕ್ಕೆ ಉಪವಾಸವೇ ಗತಿ.

ಎಷ್ಟು ಬೇಕು?
ಪಾಚಿಗೆ ಉಪಯೋಗವಾಗುವ ಬೆಳಕನ್ನು 'ಪಾರ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಉಷ್ಣವಲಯದ ನಡುಹಗಲಿನ ಬಿಸಿಲು ಸುಮಾರು 2000 ಪಾರ್. ತೊಟ್ಟಿಗೆ ಅಷ್ಟು ಬೇಡ. ಅಣಬೆ ಹವಳ ಮತ್ತು ಮೆದು ಹವಳಗಳಿಗೆ 50ರಿಂದ 150, ಕವಲೊಡೆಯುವ ಅಕ್ರೊಪೋರಾ ಜಾತಿಗೆ 250ರಿಂದ 400 ಸಾಕು. 'ಸೂರ್ಯ ಹವಳ'ಕ್ಕೆ ಹೆಸರು ಮಾತ್ರ ಸೂರ್ಯನದು. ಅದರ ಮೈಯಲ್ಲಿ ಪಾಚಿಯಿಲ್ಲ, ಬೆಳಕು ಬೇಡ, ಆಹಾರವನ್ನೇ ಉಣಿಸಬೇಕು.

ಎಂಥ ದೀಪ?
ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರುತ್ತದೆ; ನೀಲಿ ಆಳಕ್ಕಿಳಿಯುತ್ತದೆ. ಆದ್ದರಿಂದ ನೀಲಿ ಹೆಚ್ಚಿರುವ ದೀಪ ಹಾಕುತ್ತಾರೆ. ಹಿಂದೆ ಮೆಟಲ್ ಹ್ಯಾಲೈಡ್ ದೀಪಗಳಿದ್ದವು, ನೀರನ್ನು ಕಾಯಿಸುತ್ತಿದ್ದವು. ಈಗ ಎಲ್‌ಇಡಿಯದೇ ಕಾಲ. ದಿನಕ್ಕೆ 8ರಿಂದ 10 ಗಂಟೆ ಉರಿಸಿದರೆ ಸಾಕು, ಕತ್ತಲೆಯೂ ಬೇಕು.

ಹೆಚ್ಚಾದರೆ?
ನೆರಳಲ್ಲಿ ಬೆಳೆದ ಅಡಿಕೆ ಸಸಿಯನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದಲ್ಲವೇ? ಹವಳವೂ ಹಾಗೆಯೇ. ಬೆಳಕು ಅತಿಯಾದರೆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಹೊಸ ದೀಪದ ಪ್ರಖರತೆಯನ್ನು ಕೆಲವು ವಾರಗಳಲ್ಲಿ ಮೆಲ್ಲಗೆ ಏರಿಸಬೇಕು. ಬಿಳಿಚಿದ ಹವಳ ಸತ್ತಿತೆಂದಲ್ಲ; ಬೇಗ ಬೆಳಕು ತಗ್ಗಿಸಿದರೆ ಚೇತರಿಸಿಕೊಳ್ಳಬಹುದು. ಕಡಲು ಕಾದರೂ ಹವಳ ಹೀಗೆಯೇ ಬಿಳಿಚುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹಾಗೆ ಆಗಿತ್ತು. ಅಲ್ಲಿ ತಗ್ಗಿಸಲು ಗುಂಡಿ ಇಲ್ಲ.

ನಮ್ಮಲ್ಲಿ ಕಾನೂನು
ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯ ರಕ್ಷಣೆ 2001ರಲ್ಲೇ ಸಿಕ್ಕಿತು. ಅವನ್ನು ಕಡಲಿನಿಂದ ಕೀಳುವುದು, ಮಾರುವುದು, ಅನುಮತಿಯಿಲ್ಲದೆ ಮನೆಯಲ್ಲಿಡುವುದು ಅಪರಾಧ. ಅಂಗಡಿಯವರು ಗುಟ್ಟಾಗಿ ಕೊಟ್ಟರೂ ಕೊಳ್ಳಬಾರದು. ಹವಳ ನೋಡುವ ಆಸೆಯಿದ್ದರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವಿದೆ, ಗೋವಾದ ಗ್ರಾಂಡೆ ದ್ವೀಪವಿದೆ. ಅಲ್ಲಿ ದೀಪದ ಖರ್ಚೂ ಇಲ್ಲ.