ಹಗೇವಿನಿಂದ ಡಬ್ಬಿಗೆ: ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಧಾನ್ಯರಕ್ಷಣೆ

ಅರಸರ ಬೊಕ್ಕಸಗಳನ್ನು ಕುರಿತು ನಮ್ಮ ಇತಿಹಾಸಕಾರರು ವಿಪುಲವಾಗಿ ಬರೆದಿದ್ದಾರೆ. ಗೃಹಿಣಿಯ ಉಗ್ರಾಣವನ್ನು ಕುರಿತು ಬರೆದುದು ಅತ್ಯಲ್ಪ. ಹಿಟ್ಟಿನ ಡಬ್ಬಿಯನ್ನು ತೆರೆದೊಡನೆ ಹಾರುವ ಬೂದುಬಣ್ಣದ ಪತಂಗವು ಜಯನಗರ, ಬನಶಂಕರಿಗಳ ಮನೆಗಳಲ್ಲಿ ಸುಪರಿಚಿತ. ‘ನಮ್ಮ ಅಜ್ಜಿಯ ಕಾಲದಲ್ಲಿ ಇದು ಇರಲಿಲ್ಲ’ ಎಂಬ ಮಾತೂ ಅಷ್ಟೇ ಪರಿಚಿತ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಭೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಗ್ರಾಮಗಳು ಅಡಗಿವೆ. ಯಡಿಯೂರು, ಸಾರಕ್ಕಿಗಳೂ ಹಳ್ಳಿಗಳೇ ಆಗಿದ್ದುವು. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬೆದ್ದಲು ಭೂಮಿಯ ಪ್ರಧಾನ ಬೆಳೆ ರಾಗಿಯೆಂದು ಗುರುತಿಸಿದನು. ಹಳೆಯ ಮೈಸೂರು ಸೀಮೆಯ ರೈತನು ರಾಗಿಯನ್ನು ಹಗೇವಿನಲ್ಲಿ, ಎಂದರೆ ನೆಲದೊಳಗಣ ಕಣಜದಲ್ಲಿ, ತುಂಬಿ ಬಾಯಿಯನ್ನು ಭದ್ರವಾಗಿ ಮುಚ್ಚುತ್ತಿದ್ದನು. ಧಾನ್ಯದ ಮತ್ತು ಹುಳುಗಳ ಉಸಿರಾಟದಿಂದಲೇ ಒಳಗಿನ ಆಮ್ಲಜನಕ ಕ್ಷೀಣಿಸಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಹುಳುಗಳು ನಾಶವಾಗುತ್ತಿದ್ದುವು. ಹಗೇವನ್ನು ತೆರೆದೊಡನೆ ಇಳಿದ ಮನುಷ್ಯನಿಗೂ ಅದೇ ಗತಿಯಾಗಬಹುದಾಗಿತ್ತು. ಆದಕಾರಣ ಗಾಳಿಯಾಡಲು ಬಿಟ್ಟು ಅನಂತರ ಇಳಿಯುವುದು ರೂಢಿ. ೧೮೭೧ರಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, ೧೮೭೬–೭೮ರ ಕ್ಷಾಮದ ತರುವಾಯ, ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಅಂತಹ ನಾಡಿನಲ್ಲಿ ಧಾನ್ಯದ ರಕ್ಷಣೆ ಪ್ರಾಣದ ರಕ್ಷಣೆಯೇ ಆಗಿತ್ತು.

ಹಾಗೆಂದು ಹಿಂದೆ ಹುಳುಗಳ ಬಾಧೆ ಇರಲಿಲ್ಲವೆನ್ನಲಾಗದು. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೇವಿನೆಲೆ ಬೆರೆಸುವುದು, ಬಿಸಿಲಿಗೆ ಹರಡುವುದು, ಮೊರದಲ್ಲಿ ಕೇರುವುದು ಇವೆಲ್ಲವೂ ಹುಳುವಿಗೆ ಎದುರಾಗಿ ಹೂಡಿದ ವ್ಯೂಹಗಳೇ. ಶತ್ರುವಿಲ್ಲದೆಡೆ ಕೋಟೆಯೇಕೆ?

೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ಬಡಾವಣೆಯ ಮನೆಗಳಲ್ಲಿ ಹಗೇವಿಗೆ ಎಡೆಯಿರಲಿಲ್ಲ. ಗಟ್ಟಿಯಾದ ರಾಗಿಕಾಳಿನ ಬದಲು ರವೆ, ಹಿಟ್ಟು, ಕಡಲೆಕಾಯಿ ಬೀಜಗಳು ಕಪಾಟನ್ನು ಸೇರಿದುವು. ಇವು ಪತಂಗಕ್ಕೆ ಪ್ರಿಯವಾದ ಆಹಾರ. ನಮ್ಮಲ್ಲಿ ಮುಖ್ಯವಾದುದು ಅಕ್ಕಿ ಪತಂಗ, ಶಾಸ್ತ್ರೀಯವಾಗಿ ಕಾರ್ಸೈರಾ ಸೆಫಲೋನಿಕಾ. ಇದರ ಜ್ಞಾತಿಯಾದ ‘ಇಂಡಿಯನ್ ಮೀಲ್ ಮಾತ್’ ಎಂಬುದರ ಹೆಸರು ಭ್ರಾಂತಿಯನ್ನುಂಟುಮಾಡತಕ್ಕದ್ದು: ಅಲ್ಲಿ ‘ಇಂಡಿಯನ್ ಮೀಲ್’ ಎಂದರೆ ಅಮೆರಿಕದ ಮೆಕ್ಕೆಜೋಳದ ಹಿಟ್ಟೇ ಹೊರತು ನಮ್ಮ ದೇಶದ್ದಲ್ಲ.

ಹಾರುವ ಪತಂಗವು ಧಾನ್ಯವನ್ನು ತಿನ್ನುವುದಿಲ್ಲ; ತಿಂದು, ನೂಲು ನೇಯ್ದು, ಹಿಟ್ಟನ್ನು ಗಂಟುಕಟ್ಟಿಸುವುದು ಅದರ ಮರಿಹುಳು. ಆದುದರಿಂದ ಪತಂಗವನ್ನು ಹೊಡೆದುರುಳಿಸಿದ ಮಾತ್ರಕ್ಕೆ ಕಾರ್ಯ ಮುಗಿಯದು. ಹುಳುಬಿದ್ದ ಪದಾರ್ಥವನ್ನು ಕಟ್ಟಿ ಹೊರಗೆ ಹಾಕಬೇಕು. ಕಪಾಟಿನ ಸಂದುಗಳನ್ನು ಗುಡಿಸಿ ಒರೆಸಬೇಕು. ಹೊಸದಾಗಿ ತಂದುದನ್ನು ಶೂನ್ಯಕ್ಕಿಂತ ೧೮ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಒಂದು ವಾರವಿಟ್ಟು, ಬಿಗಿಮುಚ್ಚಳದ ಡಬ್ಬಿಯಲ್ಲಿ ತುಂಬಬೇಕು. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಾತ್ರ ಮನೆಗೆ ತರಲೇಬಾರದು. ಅದು ಬಿಡುವ ಅನಿಲ ಪ್ರಾಣಾಂತಕ.

ಮೇಲ್ಕಂಡ ವಿಚಾರಗಳಿಂದ ವ್ಯಕ್ತವಾಗುವುದೇನೆಂದರೆ, ಅಜ್ಜಿಯ ಕಾಲದಲ್ಲಿ ಇಲ್ಲದಿದ್ದುದು ಹುಳುವಲ್ಲ, ಅಲಕ್ಷ್ಯ. ಹಗೇವಿನ ಬಾಯಿ ಮುಚ್ಚಿದವನ ಎಚ್ಚರವನ್ನು ಡಬ್ಬಿಯ ಮುಚ್ಚಳವೂ ಬೇಡುತ್ತದೆ. ಹಗೇವಿಗೆ ಇಳಿಯುವವನ ಎಚ್ಚರವನ್ನು ವಿಷದ ಮಾತ್ರೆಯೂ ನೆನಪಿಸುತ್ತದೆ.