ಎಣಿಕೆಗೆ ಸಿಗದ ಕೆಲಸ, ಎಣಿಸಲು ಬೇಕಾದ ಕಾಸು

1961ರ ಜನಗಣತಿಯ ಪ್ರಕಾರ ಭಾರತದ ಹೆಂಗಸರಲ್ಲಿ ನೂರಕ್ಕೆ ಸುಮಾರು 28 ಮಂದಿ ಕೆಲಸಗಾರರು. 1971ರಲ್ಲಿ ಮತ್ತೆ ಎಣಿಸಿದಾಗ ಆ ಸಂಖ್ಯೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದುಬಿಟ್ಟಿತ್ತು! ಹತ್ತೇ ವರ್ಷದಲ್ಲಿ ಕೋಟಿಗಟ್ಟಲೆ ಹೆಂಗಸರು ನಾಟಿ, ಕಳೆ, ಕೊಯ್ಲು ಎಲ್ಲ ಬಿಟ್ಟು ಮನೆಯಲ್ಲಿ ಕೂತರಾ?

ಹಾಗೇನಿಲ್ಲ. ಬದಲಾಗಿದ್ದು ಮುಖ್ಯವಾಗಿ ಪ್ರಶ್ನೆ. 1961ರಲ್ಲಿ ಹಂಗಾಮಿನಲ್ಲಿ ದಿನಕ್ಕೆ ಒಂದೆರಡು ಗಂಟೆ ಹೊಲದಲ್ಲಿ ದುಡಿದವರೂ ಕೆಲಸಗಾರರ ಲೆಕ್ಕಕ್ಕೆ ಬರುತ್ತಿದ್ದರು. 1971ರಲ್ಲಿ "ಮುಖ್ಯ ಕೆಲಸ ಏನು?" ಅಂತ ಕೇಳಿದರು. ಅದಕ್ಕೆ ಬಂದ ಉತ್ತರ "ಮನೆಗೆಲಸ". ಎಷ್ಟೋ ಮನೆಗಳಲ್ಲಿ ಆ ಉತ್ತರ ಕೊಟ್ಟವರು ಗಂಡಸರು. ದನ, ಹುಲ್ಲು, ಸೌದೆ, ಒಕ್ಕಣೆ ಎಲ್ಲವೂ ಆ ಒಂದು ಪದದೊಳಗೆ ಹುದುಗಿಹೋದವು.

ಹಾಗಂತ ಎಲ್ಲವೂ ಬರೀ ಲೆಕ್ಕದ ಆಟವೂ ಅಲ್ಲ. ಬಾಂಬೆಯ ಹತ್ತಿ ಗಿರಣಿ, ಕಲ್ಕತ್ತೆಯ ಸೆಣಬಿನ ಗಿರಣಿಗಳಲ್ಲಿ ಹೆಂಗಸರ ಪಾಲು ದಶಕಗಳಿಂದ ಕರಗುತ್ತಲೇ ಬಂದಿತ್ತು. 1952ರ ಗಣಿ ಕಾಯ್ದೆ ನೆಲದಡಿಯ ಕೆಲಸಕ್ಕೆ ಹೆಂಗಸರನ್ನು ಬಿಡಲಿಲ್ಲ. ಅಂದರೆ ಒಂದು ಕಡೆ ನಿಜವಾಗಿ ಹೋದ ಕೆಲಸ, ಇನ್ನೊಂದು ಕಡೆ ಇದ್ದೂ ಕಾಣದ ಕೆಲಸ. ಇವೆರಡನ್ನು ಬೇರ್ಪಡಿಸಲು ಯಾರಾದರೂ ಊರೂರಿಗೆ ಹೋಗಿ ನೋಡಬೇಕು. ಅದಕ್ಕೆ ಕಾಸು ಬೇಕು.

ಕಾಸು ಬಂದ ಕಥೆ ಸ್ವಾರಸ್ಯವಾಗಿದೆ. 1971ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ಸ್ಥಿತಿಗತಿ ಕುರಿತು ಒಂದು ಸಮಿತಿ ಮಾಡಿತು. ಅಧ್ಯಕ್ಷೆ ಫುಲ್‌ರೇಣು ಗುಹಾ, ಆಮೇಲೆ ಸದಸ್ಯ ಕಾರ್ಯದರ್ಶಿಯಾಗಿ ಬಂದವರು ವೀಣಾ ಮಜುಂದಾರ್. ಕೈಯಲ್ಲಿ ಅಂಕಿಅಂಶವೇ ಇಲ್ಲದೆ ವರದಿ ಬರೆಯೋದು ಹೇಗೆ? ಆಗ ಬೆನ್ನಿಗೆ ನಿಂತದ್ದು 1969ರಲ್ಲಿ ಹುಟ್ಟಿದ್ದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಮತ್ತು ಅದನ್ನು ನಡೆಸುತ್ತಿದ್ದ ಜೆ.ಪಿ. ನಾಯಕ್. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ಧಾರವಾಡದ ಹತ್ತಿರದ ಉಪ್ಪಿನಬೆಟಗೇರಿಯಲ್ಲಿ ಗ್ರಾಮ ಸುಧಾರಣೆ ಮಾಡುತ್ತಿದ್ದವರು ಇದೇ ನಾಯಕ್. ಮಂಡಳಿ ಹತ್ತಾರು ಅಧ್ಯಯನಗಳಿಗೆ ದುಡ್ಡು ಕೊಟ್ಟಿತು. 1974ರ ಕೊನೆಗೆ 'ಟುವರ್ಡ್ಸ್ ಈಕ್ವಾಲಿಟಿ' ವರದಿ ಸಿದ್ಧವಾಯಿತು. 1911ರಲ್ಲಿ ದೇಶದ ಕೆಲಸಗಾರರಲ್ಲಿ ಮೂರರಲ್ಲೊಬ್ಬರು ಹೆಂಗಸರಿದ್ದದ್ದು 1971ಕ್ಕೆ ಆರರಲ್ಲೊಬ್ಬರು ಅನ್ನುವ ಮಟ್ಟಕ್ಕೆ ಇಳಿದಿತ್ತು. ಅಭಿವೃದ್ಧಿ ಆದ ಹಾಗೆ ಎಲ್ಲರಿಗೂ ಒಳ್ಳೆಯದಾಗುತ್ತೆ ಅಂತ ನಂಬಿದ್ದವರಿಗೆ ಇದು ದೊಡ್ಡ ಪೆಟ್ಟು. ಮುಂದೆ 1980ರಲ್ಲಿ ದೆಹಲಿಯಲ್ಲಿ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರ ಹುಟ್ಟಿದ್ದಕ್ಕೂ ಇದೇ ಬುನಾದಿ.

ಅದೇ ಕಾಲಕ್ಕೆ ಹೊರದೇಶದಲ್ಲೂ ಗಾಳಿ ಬದಲಾಗಿತ್ತು. ಡೆನ್ಮಾರ್ಕಿನ ಎಸ್ಟರ್ ಬೋಸರಪ್ 1970ರ ತಮ್ಮ ಪುಸ್ತಕದಲ್ಲಿ, ಆಫ್ರಿಕಾದ ಬಹುಪಾಲು ಬೇಸಾಯ ಹೆಂಗಸರದ್ದು, ಆದರೆ ಹೊಸ ತಂತ್ರಜ್ಞಾನವೂ ಹಣದ ಬೆಳೆಯೂ ಗಂಡಸರ ಕೈ ಸೇರುತ್ತಿವೆ ಅಂತ ತೋರಿಸಿದ್ದರು. 1973ರಲ್ಲಿ ಅಮೆರಿಕದ ಸಂಸತ್ತು ತನ್ನ ವಿದೇಶಿ ನೆರವಿನ ಕೆಲಸದಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂದು ಕಾನೂನಿಗೆ ತಿದ್ದುಪಡಿ ತಂದಿತು.

ಮೈಸೂರಿನಲ್ಲಿ ಹುಟ್ಟಿದ ದೇವಕಿ ಜೈನ್ 1976ರ ಸುಮಾರಿಗೆ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ ಬೇರೆಯದೇ ದಾರಿ ಹಿಡಿದರು. "ಏನು ಕೆಲಸ ಮಾಡ್ತೀಯಮ್ಮ?" ಅಂತ ಕೇಳುವ ಬದಲು, ಬೆಳಗಿನಿಂದ ರಾತ್ರಿವರೆಗೆ ಯಾವ ಹೊತ್ತಿನಲ್ಲಿ ಏನು ಮಾಡಿದರು ಅಂತ ದಾಖಲಿಸುವುದು. ಸರ್ಕಾರಿ ಸಮೀಕ್ಷೆಯ ರೀತಿಯಲ್ಲಿ ಕೆಲಸಗಾರರಲ್ಲದ ಎಷ್ಟೋ ಹೆಂಗಸರು ಈ ರೀತಿಯಲ್ಲಿ ಕೆಲಸಗಾರರಾಗಿ ಕಂಡರು.

ಆಂಧ್ರದ ನರಸಾಪುರದ್ದೂ ಅದೇ ಕಥೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ ಅಲ್ಲಿ ಅಧ್ಯಯನ ಮಾಡಿದ ಮಾರಿಯಾ ಮೀಸ್ ಅವರ ಪುಸ್ತಕ 1982ರಲ್ಲಿ ಬಂತು. ಲಕ್ಷದಷ್ಟು ಹೆಂಗಸರು ಮನೆಯಲ್ಲೇ ಕೂತು ಹೆಣೆದ ಲೇಸು ವಿದೇಶಕ್ಕೆ ಹೋಗುತ್ತಿತ್ತು. ರಫ್ತುದಾರರು ಗಂಡಸರು. ಹೆಣೆಯುವವರು ಮಾತ್ರ "ಬಿಡುವಿನಲ್ಲಿ ಏನೋ ಮಾಡುವ ಗೃಹಿಣಿಯರು"! ಗೃಹಿಣಿ ಅಂದಮೇಲೆ ಕನಿಷ್ಠ ಕೂಲಿ ಯಾಕೆ ಕೊಡಬೇಕು? ಎಣಿಕೆಯ ಪ್ರಶ್ನೆ ಕೂಲಿಯ ಪ್ರಶ್ನೆಯೂ ಆಗುವುದು ಇಲ್ಲೇ.

ಒಂದು ಹಳ್ಳಿಯ ಅಧ್ಯಯನದಿಂದ ದೇಶದ ಲೆಕ್ಕದವರೆಗಿನ ದಾರಿ ಉದ್ದ. ಆರು ರಾಜ್ಯಗಳಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆದದ್ದು 1998-99ರಲ್ಲಿ. ಇಡೀ ದೇಶಕ್ಕೆ ಆದದ್ದು 2019ರಲ್ಲಿ, ಮತ್ತೆ 2024ರಲ್ಲಿ. 2024ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಕಳೆದದ್ದು ಸರಾಸರಿ 289 ನಿಮಿಷ, ಗಂಡಸರು 88.

ಕೊಡುವವರ ದುಡ್ಡಿನ ಜೊತೆ ಕೊಡುವವರ ಪ್ರಶ್ನೆಯೂ ಬರುತ್ತೆ ಅನ್ನುವುದನ್ನು ಮರೆಯಬಾರದು. ಎಪ್ಪತ್ತರ ದಶಕದಲ್ಲಿ "ಅಭಿವೃದ್ಧಿಯಿಂದ ಹೆಂಗಸರಿಗೆ ಏನಾಯಿತು?" ಅಂತ ಕೇಳುತ್ತಿದ್ದರು. 2013ರ ನಂತರ ಕೆನಡಾ, ಬ್ರಿಟನ್ ಮತ್ತು ಹ್ಯೂಲೆಟ್ ಫೌಂಡೇಶನ್ ಸೇರಿ ನಡೆಸಿದ 'ಗ್ರೋ' ಯೋಜನೆಯ ಹೊತ್ತಿಗೆ, ಬೆಳವಣಿಗೆಯಿಂದ ಹೆಂಗಸರಿಗೆ ಏನು ಲಾಭ ಅನ್ನುವುದರ ಜೊತೆಗೆ ಹೆಂಗಸರ ದುಡಿಮೆಯಿಂದ ಬೆಳವಣಿಗೆಗೆ ಎಷ್ಟು ಲಾಭ ಅನ್ನುವುದೂ ಸೇರಿಕೊಂಡಿತ್ತು. ಎರಡೂ ಕೇಳಬೇಕಾದದ್ದೇ, ಆದರೆ ಎರಡೂ ಒಂದೇ ಅಲ್ಲ.

2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಬ್ರಿಟನ್ ಕೂಡ ನೆರವು ಕಡಿತ ಘೋಷಿಸಿತು. ಪರರ ದುಡ್ಡಿನ ಮೇಲೆ ನಿಂತ ಸಮೀಕ್ಷೆಗಳು ನಿಂತುಹೋದರೆ ಬಡ ದೇಶಗಳ ಹೆಂಗಸರು ಮತ್ತೆ "ಮನೆಗೆಲಸ" ಅನ್ನುವ ಪದದೊಳಗೆ ಮಾಯವಾಗುವುದು ಸುಲಭ. 1971ರ ಒಗಟನ್ನು ಬಿಡಿಸುವುದಕ್ಕೆ ನೆರವಾದದ್ದು ನಮ್ಮದೇ ತೆರಿಗೆಯ ದುಡ್ಡು, ನಮ್ಮದೇ ಸಂಸ್ಥೆ. ಅಂಥ ಸಂಸ್ಥೆಗಳಿಗೆ ಕೊಡುವ ಕಾಸನ್ನು ದಂಡ ಅನ್ನುವ ಮುಂಚೆ ಇದೊಂದು ನೆನಪಿದ್ದರೆ ಒಳ್ಳೆಯದು. ಏನಂತೀರಿ?